ಲೂಪ್ ತೋರಿಸಿದ ಗೋಡೆ

ಫವ್ವಾಜ್ ವಿಮಾನ ನಿಲ್ದಾಣದಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದು ನಿವೃತ್ತನಾದವನು. ಹಿರಿಮಗ ಮುಂದಿರ್ ಹುಟ್ಟಿದಾಗಿನಿಂದ ಕಟ್ಟಡದವರಿಗೆಲ್ಲ ಅವನು ಅಬು ಮುಂದಿರ್, ಅಂದರೆ ಮುಂದಿರ್‌ನ ಅಪ್ಪ. ಹವ್ಯಾಸಿ ರೇಡಿಯೋ ಎಂದರೆ ಅವನಿಗೆ ಪ್ರಾಣ. ಅಮ್ಮಾನಿನಲ್ಲಿ ಅವನ ಮನೆಯಿದ್ದ ಗುಡ್ಡದಲ್ಲಿ ಮಾಳಿಗೆಗಳ ಮೇಲೆಲ್ಲ ನೀರಿನ ಟ್ಯಾಂಕು, ಡಿಶ್ಶು. ಉದ್ದನೆಯ ತಂತಿ ಎಳೆಯಲು ಮಾಲೀಕ ಬಿಡಲಿಲ್ಲ. ಅದಕ್ಕೇ ಬಾಲ್ಕನಿಯಲ್ಲಿ ತಾಮ್ರದ ಕೊಳವೆ ಬಗ್ಗಿಸಿ ದೊಡ್ಡದೊಂದು ಬಳೆ ಮಾಡಿ, ಅದರ ಎರಡು ತುದಿಗಳ ನಡುವೆ ಕೆಪಾಸಿಟರ್ ಕೂರಿಸಿ, ಲೂಪ್ ಆಂಟೆನಾ ಕಟ್ಟಿಕೊಂಡಿದ್ದ. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸೈಪ್ರಸ್ ಕೇಳುತ್ತದೆ, ಇನ್ನೊಂದು ಕೂದಲೆಳೆ ತಿರುಗಿಸಿದರೆ ಏನೂ ಇಲ್ಲ. ಒಮ್ಮೆ ಹೆಂಡತಿ ನುಹಾ ಅದರ ಮೇಲೆ ಒದ್ದೆ ಟವೆಲ್ ಒಣಹಾಕಿದ್ದಕ್ಕೆ ಗಂಡ ಊಟದ ಹೊತ್ತಲ್ಲೂ ಮುಖ ಊದಿಸಿಕೊಂಡು ಕೂತಿದ್ದ.

ರೇಡಿಯೋ ಕ್ಲಬ್ಬಿನಲ್ಲಿ ಹೊಸಬರಿಗೆ ಪಾಠ ಹೇಳುವವನೂ ಅವನೇ. ರೇಡಿಯೋ ಕೆಡಿಸುವ ಗದ್ದಲ ಎಲ್ಲಿಂದ ಬರುತ್ತಿದೆ ಎಂದು ಪುಟ್ಟ ಲೂಪ್ ಕೈಯಲ್ಲಿ ಹಿಡಿದು ಪತ್ತೆಹಚ್ಚುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

"ಲೂಪಿನ ಅಗಲದ ಮುಖ ಗದ್ದಲದ ಕಡೆ ತಿರುಗಿದಾಗ ಸದ್ದು ಅಡಗುತ್ತೆ," ಎನ್ನುತ್ತಿದ್ದ. "ಆ ಗೆರೆ ಮೇಲೆ ಎಲ್ಲೋ ಇದೆ ಅಂತ ಗೊತ್ತಾಗುತ್ತೆ, ಅಷ್ಟೇ. ನಿಮ್ಮ ಮುಂದಿದೆಯೋ ಬೆನ್ನ ಹಿಂದಿದೆಯೋ, ಅದು ಹೇಳೋದಿಲ್ಲ. ಜಾಗ ಬದಲಿಸಿ ಇನ್ನೊಂದ್ಸಲ ನೋಡದೆ ಯಾರ ಮನೆ ಬಾಗಿಲೂ ತಟ್ಟಬೇಡಿ, ಕತ್ತೆಗಳಾ!"

ಆ ವರ್ಷ ರಂಜಾನ್ ಶುರುವಾಗುತ್ತಿದ್ದಂತೆ ಅವನ ರೇಡಿಯೋದಲ್ಲೇ ಗದ್ದಲ ಹೊಕ್ಕಿತು. ಸಂಜೆಯಾದರೆ ಸಾಕು, ಎಣ್ಣೆಯಲ್ಲಿ ಏನೋ ಕರಿದ ಹಾಗೆ ಚುರ್ ಎಂದು ಹಿಡಿದುಕೊಳ್ಳುತ್ತಿತ್ತು. ಪುಟ್ಟ ಲೂಪ್ ಹಿಡಿದು ನಡುಮನೆಯಲ್ಲಿ ನಿಂತು ಮೆಲ್ಲಗೆ ತಿರುಗಿದ. ಪಕ್ಕದ ಮನೆಯ ಗೋಡೆಗೆ ಮುಖಮಾಡಿದಾಗ ಸದ್ದು ಅಡಗಿತು. ಗೋಡೆಯಾಚೆ ಹೊಲಿಗೆ ಮೆಷೀನು ಟಕಟಕ ಎನ್ನುತ್ತಿತ್ತು. ಮತ್ತೇನು ಬೇಕು? ಹೊಲಿಯುವವಳು ವಿಸಾಲ್, ಮಗನ ಹೆಸರಿನಿಂದ ಎಲ್ಲರಿಗೂ ಉಮ್ಮ್ ಜವಾದ್. ಯುದ್ಧಕ್ಕೆ ಮನೆಮಠ ಕಳೆದುಕೊಂಡು ಗಡಿಯಾಚೆಯ ಹೋಮ್ಸ್‌ನಿಂದ ಬಂದ ವಿಧವೆ. ವರ್ಷದ ಗಂಜಿಯನ್ನೆಲ್ಲ ಹಬ್ಬದ ಬಟ್ಟೆ ಹೊಲಿದೇ ದುಡಿದುಕೊಳ್ಳಬೇಕಾದವಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಜಾಗ ಬದಲಿಸಿ ಇನ್ನೊಮ್ಮೆ ನೋಡಲು ಗುರುಗಳಿಗೆ ಪುರುಸೊತ್ತಿರಲಿಲ್ಲ.

ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿದ: "ಉಮ್ಮ್ ಜವಾದ್, ನಿಮ್ಮ ಮೆಷೀನಿನ ಮೋಟರು ನನ್ನ ರೇಡಿಯೋ ಕೆಡಿಸ್ತಾ ಇದೆ. ಸಂಜೆ ಹೊತ್ತು ಹಾಕಬೇಡಿ."

"ಅಬು ಮುಂದಿರ್, ನನ್ನ ಮೆಷೀನಿಗೆ..."

"ಗೊತ್ತು, ಗೊತ್ತು. ಎಲ್ಲರೂ ಹೀಗೇ ಅನ್ನೋದು."

ಅಂದಿನಿಂದ ಸಂಜೆ ಟಕಟಕ ನಿಂತಿತು. ಎರಡು ವಾರ ಕಳೆದರೂ ಗದ್ದಲ ನಿಲ್ಲಲಿಲ್ಲ. ಕಳ್ಳತನದಲ್ಲಿ ಹೊಲಿಯುತ್ತಿದ್ದಾಳೆ ಎಂದು ಅವನ ತಲೆ ಕಾದಿತು. ಒಂದು ದಿನ ಅವಳ ಬಾಗಿಲಲ್ಲಿ ಕಟ್ಟಡದ ಹೆಂಗಸರು ಅಳತೆ ಕೊಡುತ್ತ ನಿಂತಿದ್ದಾಗಲೇ ಕೂಗಾಡಿದ. "ಮೋಟರು ಹಾಕಬೇಡಿ ಅಂದ್ರೆ ಹಾಕಬಾರದು. ಇದು ನಿಮ್ಮೂರಲ್ಲ! ನೆಲೆ ಕೊಟ್ಟವರ ತಲೆ ಮೇಲೇ ಕೂತ್ಕೋತೀರಲ್ಲ. ಮಾಲೀಕನಿಗೆ ಹೇಳಿ ಬಾಗಿಲು ಹಾಕಿಸ್ತೀನಿ." ವಿಸಾಲ್ ಕೈಯಲ್ಲಿದ್ದ ಟೇಪನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಊರಿಗೆ ಬೇಕಾದ ಹಿರಿಯನ ಮಾತು, ಯಾಕೆ ರಗಳೆ ಎಂದುಕೊಂಡ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಬಟ್ಟೆ ವಾಪಸ್ ಒಯ್ದರು.

ನುಹಾ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. "ನಿಮ್ಮಪ್ಪ ಊರು ಕಳೆದುಕೊಂಡು ನದಿ ದಾಟಿ ಈ ದೇಶಕ್ಕೆ ಬಂದಾಗ ಹೆಗಲ ಮೇಲೆ ಏನಿತ್ತು? ಒಂದು ಹಾಸಿಗೆ. ಆಗ ಯಾರಾದ್ರೂ ಇದು ನಿಮ್ಮೂರಲ್ಲ ಅಂದಿದ್ರಾ?"

"ಅದೇ ಬೇರೆ," ಎಂದ. ಏನು ಬೇರೆ ಎಂದು ಅವನಿಗೂ ಹೊಳೆಯಲಿಲ್ಲ.

ಅದೇ ಸಂಜೆ ಅವನು ರೇಡಿಯೋ ಮುಂದೆ ಕೂತಿದ್ದ. ಗದ್ದಲ ಎಂದಿನಂತೇ ಇತ್ತು. ನುಹಾ ಮಲಗುವ ಕೋಣೆಯ ಕಿಟಕಿ ಒರೆಸಲು, ರಂಜಾನ್ ಶುರುವಾದಾಗಿನಿಂದ ಸಂಜೆ ಹೊತ್ತು ಅಲ್ಲಿ ಉರಿಯುತ್ತಿದ್ದ ಹಬ್ಬದ ಚಂದ್ರನ ದೀಪದ ಪ್ಲಗ್ ಕಿತ್ತಳು. ರೇಡಿಯೋ ತಟ್ಟನೆ ತಣ್ಣಗಾಯಿತು. ದೂರದ ಯಾರೋ ಒಬ್ಬ ಸ್ಪಷ್ಟವಾಗಿ ಕರೆಯುತ್ತಿದ್ದ.

"ನುಹಾ, ಏನು ಮಾಡಿದೆ?"

"ಏನೂ ಇಲ್ಲಪ್ಪ, ದೀಪ ತೆಗೆದೆ."

"ಮತ್ತೆ ಹಾಕು." ಚುರ್ ಎಂದಿತು. "ತೆಗಿ." ನಿಂತಿತು.

ನಡುಮನೆಯಲ್ಲಿ ಅವನು ಅಂದು ಲೂಪ್ ಹಿಡಿದು ನಿಂತಿದ್ದ ಜಾಗದಿಂದ ಎದುರಿಗೆ ವಿಸಾಲಳ ಗೋಡೆ, ನೇರ ಬೆನ್ನ ಹಿಂದೆ ಆ ಕಿಟಕಿ. ಸೋವಿಗೆ ಸಿಕ್ಕಿತೆಂದು ಪೇಟೆಯಿಂದ ಆ ದೀಪ ತಂದವನೂ ಅವನೇ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸಿದಂತಾಗಿತ್ತು. ಇಲ್ಲಿ ಆ ನೊಣವೂ ಇರಲಿಲ್ಲ. ಭೂಮಿ ಬಾಯಿಬಿಡಬಾರದೇ ಎನಿಸಿತು.

ಆಗಲೇ ಹೋಗಬೇಕಿತ್ತು. ಹೋಗಲಿಲ್ಲ. ಬೆಳಿಗ್ಗೆ ಹೋಗುತ್ತೇನೆಂದ, ಬೆಳಿಗ್ಗೆಯೂ ಹೋಗಲಿಲ್ಲ. ಮಧ್ಯಾಹ್ನದ ನಮಾಜಿನಲ್ಲಿ ಹಣೆ ನೆಲಕ್ಕೆ ಮುಟ್ಟಿಸಿದಾಗ, ಕೂಗಿದ ಮಾತೇ ಕಿವಿಯಲ್ಲಿ ಮೊಳಗಿತು. ಎದ್ದು ಹೋಗಿ ಪಕ್ಕದ ಬಾಗಿಲು ತಟ್ಟಿದ.

"ತಪ್ಪು ನಂದು, ಉಮ್ಮ್ ಜವಾದ್. ಗದ್ದಲ ನಮ್ಮನೆ ದೀಪದ್ದು. ಇನ್ನು ನಿಮ್ಮ ಮೋಟರು ಎಷ್ಟು ಬೇಕಾದ್ರೂ ಓಡಲಿ."

ಅವಳು ಬಾಗಿಲಿಂದ ಸರಿದು ನಿಂತಳು. ಕಿಟಕಿಯ ಪಕ್ಕ ಹಳೆಯ ಕರಿ ಮೆಷೀನು, ಕೆಳಗೆ ಕಬ್ಬಿಣದ ತುಳಿಪಟ್ಟಿ, ಚರ್ಮದ ಪಟ್ಟಿ. ತಂತಿ ಇರಲಿಲ್ಲ. ಮೋಟರೂ ಇರಲಿಲ್ಲ.

ಇಡೀ ಜೀವಮಾನ ವಿದ್ಯುತ್ತಿನ ಜೊತೆ ಕಳೆದವನು ಬಗ್ಗಿ ಮೆಷೀನಿನ ಅಡಿಯನ್ನೇ ನೋಡಿದ. "ನಾನು... ಬಟ್ಟೆ ಎಲ್ಲ ವಾಪಸ್ ತಂದುಕೊಡ್ತೀನಿ. ಒಬ್ಬೊಬ್ಬರ ಮನೆಗೂ ಹೋಗಿ ಹೇಳ್ತೀನಿ. ಆದ್ರೆ ನೀವ್ಯಾಕೆ ಹೇಳಲಿಲ್ಲ? ಇದು ಕಾಲಲ್ಲಿ ತುಳಿಯೋದು ಅಂತ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

"ಮೊದಲ ದಿನ ಬಾಯಿ ತೆಗೆದೆ, ನೀವು ಬಿಡಲಿಲ್ಲ. ನಿನ್ನೆ ಅಷ್ಟು ಜನರ ಮುಂದೆ ಹೇಳಿದ್ರೆ," ಎಂದು ಅವಳು ಅವನನ್ನೇ ನೋಡಿದಳು, "ನಂಬ್ತಿದ್ರಾ, ಅಬು ಮುಂದಿರ್?"

ನಂಬುತ್ತಿದ್ದೆ ಎನ್ನಲು ಅವನಿಗೆ ಬಹಳ ಆಸೆಯಾಯಿತು. ಒಂದು ಮಾತು, ಇಬ್ಬರಿಗೂ ಮರ್ಯಾದೆ ಉಳಿಯುತ್ತಿತ್ತು. ಆದರೆ ಬಾಯಿ ಉಪವಾಸದ್ದು, ಸುಳ್ಳಾಡುವ ಹಾಗಿರಲಿಲ್ಲ.

"ಇಲ್ಲ," ಎಂದ. "ನಂಬ್ತಿರಲಿಲ್ಲ."

"ಸರಿ," ಎಂದಳು ವಿಸಾಲ್. "ಹಬ್ಬ ಹತ್ತಿರ ಬಂತು. ಬಟ್ಟೆ ಸಂಜೆಯೊಳಗೆ ಬರಲಿ."