ಚೀಟಿಯಂತೆ ಕಾದಿಟ್ಟ ವಿಮಾನದ ಪಾಯಿಂಟು

ಗುಂಡ್ಲುಪೇಟೆಯ ಅಂಗಡಿಯಲ್ಲಿ ಸೋದರಮಾವ ಆ ಇಮೇಲನ್ನು ನನ್ನ ಮುಂದೆ ಹಿಡಿದಾಗ ಮೊದಲ ಸಾಲಿಗೇ ಹೇಸಿಗೆಯಾಯಿತು. ‘ನಿಮಗೊಂದು ಸಿಹಿ ಸುದ್ದಿ’ ಎಂದು ಶುರುವಾಗಿತ್ತು. ವಿಮಾನ ಕಂಪನಿ ತನ್ನ ಪಾಯಿಂಟ್ ಯೋಜನೆಯನ್ನು ‘ಇನ್ನಷ್ಟು ಸರಳ’ ಮಾಡಿತ್ತಂತೆ, ಸದಸ್ಯರಿಗೆ ‘ಇನ್ನಷ್ಟು ಸ್ವಾತಂತ್ರ್ಯ’ ಕೊಟ್ಟಿತ್ತಂತೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ, ಇವತ್ತಿಗೂ ಕೆಲಸಕ್ಕೆ ಬರುವ ವಿದ್ಯೆ ಒಂದೇ: ಎದುರಾಳಿ ಎಲ್ಲಿ ಸಕ್ಕರೆ ಹೆಚ್ಚು ಹಾಕುತ್ತಾನೋ ಅಲ್ಲಿ ಬೆರಳಿಡುವುದು. ಬೆರಳಿಟ್ಟು ಕೆಳಗೆ ಜಾರಿಸಿದೆ. ನಾಲ್ಕು ನಗುಮುಖದ ಚಿತ್ರಗಳು ದಾಟಿದ ಮೇಲೆ ವಿಷಯ ಸಿಕ್ಕಿತು. ಇಂಥ ಊರಿಗೆ ಇಷ್ಟು ಪಾಯಿಂಟ್ ಎಂಬ ಹಳೆಯ ದರಪಟ್ಟಿ ರದ್ದು. ಇನ್ನು ಮುಂದೆ ಅವತ್ತಿನ ಟಿಕೆಟ್ ಎಷ್ಟು ರೂಪಾಯಿಯೋ ಅದಕ್ಕೆ ತಕ್ಕಷ್ಟು ಪಾಯಿಂಟ್ ಕೀಳುತ್ತಾರೆ. ಆ ರೂಪಾಯಿ ಎಷ್ಟು ಎಂದು ಹೇಳುವವರೂ ಅವರೇ.

ಮಾವನದು ಪಂಪ್‌ಸೆಟ್ಟು, ಡ್ರಿಪ್ ಪೈಪಿನ ವ್ಯಾಪಾರ. ತೆರಕಣಾಂಬಿ ಕಡೆಯ ಬಹುಪಾಲು ಬೋರ್‌ವೆಲ್ಲುಗಳ ಹಣೆಬರಹ ಅವನಿಗೆ ಗೊತ್ತು. ಯಾವುದೋ ವರ್ಷ ಬ್ಯಾಂಕಿನವರು ಅವನ ಕೈಗೆ ಒಂದು ಕ್ರೆಡಿಟ್ ಕಾರ್ಡ್ ತುರುಕಿದರು. ಅದನ್ನು ಉಜ್ಜಿದರೆ ವಿಮಾನದ ಪಾಯಿಂಟ್. ಅಲ್ಲಿಂದ ಊರಿನ ಖರ್ಚೆಲ್ಲ ಮಾವನ ಕಾರ್ಡಿನಲ್ಲೇ ನಡೆಯಿತು. ಯಾರದೋ ಗೃಹಪ್ರವೇಶದ ಟೈಲ್ಸು, ಇನ್ಯಾರದೋ ಮಗಳ ಮದುವೆಯ ಫ್ರಿಜ್ಜು. ಅವರು ನೋಟು ಕೊಡುವರು, ಇವನು ಮೈಸೂರಿನವರೆಗೂ ಅವರ ಜೊತೆ ಹೋಗಿ ಕಾರ್ಡ್ ಉಜ್ಜಿ ಬರುವನು. ಹಾಗೆ ಉಜ್ಜಿ ಉಜ್ಜಿ ಕೂಡಿಟ್ಟದ್ದು, ಹಳೆಯ ಪಟ್ಟಿಯ ಪ್ರಕಾರ, ಗಂಡಹೆಂಡತಿ ಇಬ್ಬರೂ ಗುವಾಹಟಿಗೆ ಹೋಗಿಬರಲು ಸಾಕಾಗುತ್ತಿತ್ತು.

ಗುವಾಹಟಿ ಯಾಕೆಂದರೆ, ಅವರ ಒಬ್ಬಳೇ ಮಗಳು ಅಲ್ಲಿದ್ದಾಳೆ. ಗಂಡ ಬ್ಯಾಂಕಿನವನು, ವರ್ಗವಾಗಿ ಹೋದವನು. ಅವಳು ಬಸುರಿ, ಪ್ರಯಾಣ ಮಾಡಲೇಬಾರದೆಂದು ಡಾಕ್ಟರು ಹೇಳಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬುದು ನಮ್ಮ ಕಡೆಯ ರೂಢಿ. ಮಗಳು ಬರಲಾಗದಿದ್ದರೆ ತವರೇ ಎದ್ದು ಹೋಗಬೇಕಲ್ಲ. ಅತ್ತೆ ಆಗಲೇ ಬಾಣಂತಿ ಲೇಹ್ಯ ಕಾಸಿ ಡಬ್ಬಿಗೆ ತುಂಬಿದ್ದಳು.

ಬಸುರಿನ ಸುದ್ದಿ ಬಂದ ದಿನವೇ ನಾನು ಚಾಮರಾಜನಗರದಿಂದ ಫೋನ್ ಮಾಡಿ, ಈಗಲೇ ಟಿಕೆಟ್ ಮಾಡಿಬಿಡು ಎಂದಿದ್ದೆ. ಮಾವ ನಕ್ಕಿದ್ದ. “ಮೊದ್ಲೇ ಎತ್ಕೊಂಡವ್ನಿಗೆ ಯಾವತ್ತೂ ಲಾಸೇ ಕಣಮ್ಮಿ. ತಡಿ, ಇನ್ನೊಸಿ ಕೂಡ್ಲಿ.”

ಇದು ಚೀಟಿಯ ಬುದ್ಧಿ. ನಮ್ಮ ಕಡೆ ಚೀಟಿ ಹಾಕದ ಮನೆಯಿಲ್ಲ. ಹರಾಜಿನ ಚೀಟಿಯಲ್ಲಿ ಅವಸರವಿದ್ದವನು ಒಂದಿಷ್ಟು ಕಳೆದುಕೊಂಡು ಮೊದಲೇ ಎತ್ತುತ್ತಾನೆ. ಕೊನೆಯವರೆಗೆ ಕಾದವನಿಗೆ ಇಡಿಗಂಟು. ಜೀವಮಾನವೆಲ್ಲ ಕೊನೆಯ ಚೀಟಿಯನ್ನೇ ಎತ್ತಿದ ಮಾವ ವಿಮಾನದ ಪಾಯಿಂಟನ್ನೂ ಹಾಗೆಯೇ ಕಾದಿಟ್ಟ. ಕಾದವನಿಗೇ ಹೊಡೆತ ಬೀಳುವಂಥ ಉಳಿತಾಯವೂ ಒಂದಿದೆ ಎಂದು ಅವನಿಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು ಎಂದು ನಾನು ವಾದಿಸುವುದೂ ಇಲ್ಲ. ಚೀಟಿ ನಡೆಸುವವನು ಅರ್ಧದಲ್ಲಿ ಲೆಕ್ಕ ಬದಲಿಸಿ ‘ಸಿಹಿ ಸುದ್ದಿ’ ಎಂದು ಹೇಳಿ ನೋಡಲಿ, ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಅವನು ಮತ್ತೆ ಟೀ ಕುಡಿಯಲಾರ. ವಿಮಾನದವನಿಗೆ ಯಾವ ಬಸ್‌ಸ್ಟ್ಯಾಂಡಿನ ಭಯ?

ಸಹಾಯವಾಣಿಗೆ ಫೋನ್ ಮಾಡಿದೆ. ಕಾಯಿಸಿ, ಸಂಗೀತ ಕೇಳಿಸಿ, ಕೊನೆಗೆ ಕನ್ನಡ ಬರುವ ಒಬ್ಬನನ್ನು ಕೊಟ್ಟರು. ಹಳೆಯ ಪಟ್ಟಿಯನ್ನು ನಂಬಿ ಕೂಡಿಟ್ಟ ಪಾಯಿಂಟಿಗಾದರೂ ಹಳೆಯ ಲೆಕ್ಕ ಹಿಡಿಯಬೇಕಲ್ಲವೇ ಎಂದೆ. ನಿಯಮ ಬದಲಿಸುವ ಹಕ್ಕು ಕಂಪನಿಗೆ ಇದೆ ಎಂದು ನಿಯಮದಲ್ಲೇ ಇದೆ ಎಂದ. ಆ ನಿಯಮ ಬರೆದವರಾರು ಎಂದೆ. ಕಂಪನಿ ಎಂದ. ಇನ್ನೇನಾದರೂ ಸಹಾಯ ಬೇಕೇ ಎಂದೂ ಕೇಳಿದ, ಪಾಪ, ಅವನಿಗೂ ಯಾರೋ ಬರೆದುಕೊಟ್ಟ ಮಾತು. ಸ್ಪರ್ಧೆಯಲ್ಲಿ ಸೋತರೂ ಒಬ್ಬ ತೀರ್ಪುಗಾರನಿರುತ್ತಾನೆ. ಇಲ್ಲಿ ಎದುರು ಪಕ್ಷವೇ ತೀರ್ಪುಗಾರನ ಕುರ್ಚಿಯಲ್ಲಿ ಕಾಲು ಚಾಚಿ ಕೂತಿತ್ತು.

ಆದರೆ ನನಗೆ ನಿಜವಾಗಿ ಹೇಸಿಗೆ ತರಿಸಿದ್ದು ಮಾವನೇ. ಫೋನ್ ಇಟ್ಟ ಕೂಡಲೇ ಅವನು ಕಂಪನಿಯ ವಕೀಲನಾದ. “ಪುಗಸಟ್ಟೆ ಬಂದದ್ದು ಕಣಮ್ಮಿ. ಓದ್ರೆ ಓಯ್ತು ಬುಡು.”

ಪುಗಸಟ್ಟೆಯೇ? ಕಾರ್ಡಿಗೆ ವರ್ಷಾವರ್ಷ ಫೀಸು ಕಟ್ಟಿದವರಾರು, ಪಾಯಿಂಟಿನ ಆಸೆಗೆ ಅಂಗಡಿ ಬಾಗಿಲೆಳೆದು ಮೈಸೂರಿಗೆ ಅಲೆದವರಾರು ಎಂದು ಕೇಳಿದೆ. ಬಿಟ್ಟಿ ಎಂದು ಕೊಟ್ಟು ದುಡಿಸಿಕೊಳ್ಳುವುದು, ಕಿತ್ತುಕೊಳ್ಳುವಾಗ ಬಿಟ್ಟಿಯದ್ದಲ್ಲವೇ ಎನ್ನುವುದು, ಕಳೆದುಕೊಂಡವನ ಬಾಯಲ್ಲೇ ಅದನ್ನು ಹೇಳಿಸುವುದು. ಇಡೀ ವ್ಯವಹಾರದಲ್ಲಿ ಅಸಹ್ಯವಾದದ್ದು ಈ ಕೊನೆಯದು. ಮಾವ ಕೇಳಿಸಿಕೊಳ್ಳಲಿಲ್ಲ. ಕುದೇರಿನ ಗಿರಾಕಿಯೊಬ್ಬ ಮನೆ ಕಟ್ಟಿಸುತ್ತಿದ್ದಾನೆ, ಅವನ ಟೈಲ್ಸ್ ಉಜ್ಜಿದರೆ ಮುಂದಿನ ತಿಂಗಳು ಇಬ್ಬರಿಗೂ ಆಗಬಹುದು, ಅಲ್ಲಿವರೆಗೆ ಟಿಕೆಟ್ಟೂ ಇಳಿಯಬಹುದು ಎಂದು ಮತ್ತೆ ಚೀಟಿಯ ಲೆಕ್ಕಕ್ಕೇ ಇಳಿದ.

ಊಟ ತಂದಿದ್ದ ಅತ್ತೆ ಅಷ್ಟು ಹೊತ್ತೂ ಪೈಪಿನ ಸುರುಳಿಯ ಮೇಲೆ ಕೂತು ಸುಮ್ಮನೆ ಕೇಳುತ್ತಿದ್ದಳು. “ಮಗ ನಿಮ್ ಪಾಯಿಂಟ್ ಕೂಡಗಂಟ ಒಟ್ಟೇಲೇ ಕೂತಿದ್ದದಾ?” ಎಂದಳು. ಅವಳು ನನ್ನ ಕಡೆ ತಿರುಗಿದಳು. “ಕಳ್ಕೊಂಡೇ ಎತ್ಬುಡಮ್ಮಿ. ಎಷ್ಟ್ ಜನುಕ್ಕೆ ಆದದೋ ಅಷ್ಟೇ ಓಗನ.”

ಒಬ್ಬರಿಗೆ ಆಯಿತು. ಅದೂ ಹೋಗುವುದಕ್ಕೆ ಮಾತ್ರ. ಊಟಕ್ಕೆ ಮೊದಲು ಒಂದು ಸಂಖ್ಯೆ ತೋರಿಸಿದ್ದ ಪರದೆ ಊಟವಾಗಿ ಕೈ ತೊಳೆದು ಬರುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಕೇಳುತ್ತಿತ್ತು. ಈ ಬಿಟ್ಟಿ ಟಿಕೆಟ್ಟಿಗೂ ತೆರಿಗೆ ಎಂದು ರೂಪಾಯಿ ಬೇರೆ ಕಟ್ಟಿಸಿಕೊಂಡರು. ಮೈಸೂರಿನಿಂದಾಚೆ ಒಬ್ಬಳೇ ಹೋಗದ ಹೆಂಗಸು ಗುವಾಹಟಿಗೆ ಒಬ್ಬಳೇ ಹೊರಟಳು. ಮಾವನೂ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳಬಹುದಿತ್ತು. ಗತಿಯಿಲ್ಲದವನೇನಲ್ಲ. ಆದರೆ ಪಾಯಿಂಟಿನಲ್ಲಿ ಹೋಗಬೇಕಾದ ಊರಿಗೆ ರೂಪಾಯಿ ಕೊಟ್ಟು ಹೋದರೆ ಸೋತಂತೆ ಎಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಎಷ್ಟು ವಾದಿಸಿದರೂ ಜಗ್ಗಲಿಲ್ಲ.

ಬದನಗುಪ್ಪೆಯ ನನ್ನ ಫ್ಯಾಕ್ಟರಿ ಆಫೀಸಿಗೆ ರಜೆ ಹಾಕಿ ನಾನೂ ಬೆಂಗಳೂರಿನ ವಿಮಾನ ನಿಲ್ದಾಣದವರೆಗೆ ಹೋದೆ. ಟಿಕೆಟ್ ಇದ್ದವರಿಗೆ ಮಾತ್ರ ಒಳಗೆ ಪ್ರವೇಶ. ಅತ್ತೆ ಲೇಹ್ಯದ ಚೀಲವನ್ನು ಎದೆಗವಚಿಕೊಂಡು ಸಾಲಿನಲ್ಲಿ ನಿಂತಳು. ಬಾಗಿಲಿನಿಂದ ಸ್ವಲ್ಪ ಈಚೆಗೆ ಒಂದು ಮೇಜು, ಕೋಟು ಹಾಕಿದ ಒಬ್ಬಾತ, ಬೇರೊಂದು ಕಂಪನಿಯ ಕಾರ್ಡು. ಸೇರಿದರೆ ಮೊದಲ ದಿನವೇ ಇಷ್ಟು ಪಾಯಿಂಟ್ ಎಂದು ಅವನು ಕರೆಯುತ್ತಿದ್ದ. ಬಾಗಿಲಲ್ಲಿ ಅತ್ತೆ ಒಮ್ಮೆ ನಮ್ಮ ಕಡೆ ತಿರುಗಿ ಮಾವನನ್ನು ಹುಡುಕಿದಳು. ನಾನೂ ತಿರುಗಿ ನೋಡುತ್ತೇನೆ, ಪಕ್ಕದಲ್ಲಿದ್ದ ಮಾವ ಆ ಮೇಜಿನ ಮುಂದೆ ನಿಂತಿದ್ದಾನೆ, ತಲೆಯಾಡಿಸುತ್ತಿದ್ದಾನೆ. ಹೋಗಿ ತೋಳು ಹಿಡಿದು ಎಳೆದೆ. ಅಷ್ಟರಲ್ಲಿ ಅತ್ತೆ ಒಳಗೆ ಹೋಗಿಯಾಗಿತ್ತು.

ವಾಪಸು ಬರುವ ಬಸ್ಸಿನಲ್ಲಿ ಮಂಡ್ಯದ ಹತ್ತಿರ ಅವನು ಬಾಯಿಬಿಟ್ಟ.

“ಅವ್ಳು ತಿರುಗ್ ನೋಡುದ್ಲಾ?”

“ನೋಡಿದ್ರು.”

ಇಲ್ಲ ಎಂದು ಸುಳ್ಳು ಹೇಳಿ ಸಮಾಧಾನ ಮಾಡುವ ಮನಸ್ಸು ನನಗಿರಲಿಲ್ಲ. ಅವನು ಕಿಟಕಿಯ ಕಡೆಗೆ ಮುಖ ಮಾಡಿಕೊಂಡ.

ಮಗು ಅದೇ ವಾರ ಹುಟ್ಟಿತು, ಹೆಣ್ಣು. ಅತ್ತೆ ಅದನ್ನು ಕೈಯಲ್ಲಿ ಎತ್ತಿಕೊಂಡದ್ದನ್ನು ಮಾವ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಫೋನಿನಲ್ಲಿ ನೋಡಿದ. ಅಳಿಯ ಆ ಕಡೆಯಿಂದ ಫೋನ್ ಹಿಡಿದಿದ್ದ, ಚಿತ್ರ ನಿಂತು ನಿಂತು ಬರುತ್ತಿತ್ತು. ಅವತ್ತು ನಾನೂ ಅಲ್ಲಿದ್ದೆ. ಎದುರಿಗೆ ಕುದೇರಿನ ಆ ಗಿರಾಕಿ ಟೈಲ್ಸಿನ ದುಡ್ಡು ಹಿಡಿದು, ಮೈಸೂರಿಗೆ ಯಾವಾಗ ಹೊರಡೋಣ ಎಂದು ಎರಡೆರಡು ಸಲ ಕೇಳಿದ. ಮಾವ ಫೋನಿನಿಂದ ಕಣ್ಣು ಕೀಳಲಿಲ್ಲ.

“ನೀನೇ ಓಗಿ ಕಟ್ಕಳ್ಲಾ,” ಎಂದ.