ಗಿಲಾವು ಇಲ್ಲದ ಗೋಡೆ

ನಾನು ಆರ್ಕಿಟೆಕ್ಟ್. ಸಮೀರವಾಡಿ ಹತ್ತಿರದ ಕಬ್ಬಿನ ರೈತನೊಬ್ಬನ ಬೆನ್ನು ಹತ್ತಿ ಮಣ್ಣಿನ ಇಟ್ಟಿಗೆಯ ಮನೆ ಕಟ್ಟಿಸಿದೆ. ಸಿಮೆಂಟು ಭೂಮಿಯನ್ನೇ ಕಾಯಿಸುತ್ತದೆ, ಗೋಡೆಗೆ ಗಾರೆ ಬಳಿಯುವ ಗಿಲಾವೂ ಬೇಡ ಎಂದಿತು ನನ್ನ ಎಲುಬಿಲ್ಲದ ನಾಲಿಗೆ. ಅವನ ಮಗನಿಗೆ ಹೆಣ್ಣು ಕೊಡಬೇಕೆಂದು ಮನೆ ನೋಡಲು ಬಂದವರು ಆ ಬರೀ ಗೋಡೆ ಕಂಡು, ಚಹಾ ಕೂಡ ಮುಟ್ಟದೆ ಎದ್ದು ಹೋದರು.

"ಗಿಲಾವ್ ಮಾಡಿಸ್ತೀನ್ರಿ ಸಾಹೇಬ್ರ" ಎಂದು ಆತ ಕೇಳಿಕೊಂಡ. ನನ್ನ ಕೆಲಸದ ಫೋಟೊ ತೆಗೆಯಲು ಬೆಂಗಳೂರಿನವರು ಬರುವವರಿದ್ದರು. ಅಲ್ಲಿಯತನಕ ಮುಟ್ಟಬೇಡ ಎಂದು ಗದರಿದೆ. ಅಷ್ಟರಲ್ಲಿ ಇನ್ನೆರಡು ಸಂಬಂಧ ತಪ್ಪಿದವು.

ಕೊನೆಗೊಮ್ಮೆ ಆತ ಜಮಖಂಡಿಯ ನನ್ನ ಮನೆಗೇ ಬಂದ. ಬಾಗಿಲ ಬಳಿಯ ನುಣುಪು ಗೋಡೆಯನ್ನು ಸವರಿ, "ನಿಮ್ಮದ್ಯಾಕ ಸಿಮೆಂಟಿಂದ್ರಿ?" ಎಂದ.

"ಆಮ್ಯಾಲ ಬಾ" ಎಂದು ಅಂಗಳದಿಂದಲೇ ಕಳಿಸಿದೆ. ಒಳಗೆ, ನನ್ನ ಮಗಳನ್ನು ನೋಡಲು ಬಂದವರು ಚಹಾ ಕುಡಿಯುತ್ತಿದ್ದರು.