ಟ್ರೆಫರ್‌ನ ಹೆಗಲು

ಹದಿನಾಲ್ಕು ವರ್ಷ ತೊಟ್ಟಿದ್ದ ಎರಡನೇ ನಂಬರಿನ ಅಂಗಿಯನ್ನು ಯಾರಾದರೂ ನಗುನಗುತ್ತ ಬಿಟ್ಟುಕೊಡುತ್ತಾರೆಯೇ? ಎಲ್ವಿನ್ ರೀಸ್‌ಗೆ ಮೊದಲ ದಿನದಿಂದಲೂ ಇದೇ ಕೊರೆತ. ಕಾಲು ನಿಧಾನವಾಯಿತೆಂದು ರಗ್ಬಿ ಕ್ಲಬ್ಬಿನವರು ಆ ಅಂಗಿಯ ಟ್ರೆಫರ್‌ನನ್ನು ಎಡಗಡೆಯಿಂದ ಹೆಗಲು ಕೊಡುವ ಪ್ರಾಪ್ ಜಾಗಕ್ಕೆ ಸರಿಸಿ, ನಡುವೆ ಚೆಂಡನ್ನು ಕಾಲಲ್ಲಿ ಎಳೆಯುವ ಹುಕರ್ ಆಗಿ ಎಲ್ವಿನ್‌ನನ್ನು ನಿಲ್ಲಿಸಿದ್ದರು. ಇಬ್ಬರೂ ಆ ಕಣಿವೆಯ ಒಂದೇ ಗಣಿಯಲ್ಲಿ ಕಲ್ಲಿದ್ದಲು ಕಡಿಯುವವರು. ಪಾಳಿ ಮುಗಿದ ಮೇಲೆ, ಯಾರೂ ಕೇಳದಿದ್ದರೂ, ಟ್ರೆಫರ್ ಅವನನ್ನು ಕ್ಲಬ್ಬಿನ ಹಿಂದಿನ ಕೆಸರಿಗೆ ಕರೆದೊಯ್ದು ಕಲಿಸುತ್ತಿದ್ದ.

“ಸ್ಕ್ರಮ್‌ನಲ್ಲಿ, ಎರಡು ಕಡೆಯವರೂ ತಲೆಗೆ ತಲೆ ಕೊಟ್ಟು ತಳ್ಳೋವಾಗ, ಎರಡೂ ಕೈ ನಮ್ಮಿಬ್ರು ಪ್ರಾಪ್‌ಗಳ ಹೆಗಲ ಮೇಲೆ. ನೇತಾಡೋ, ನಿಂತ್ಕೋಬೇಡ. ಬಿದ್ರೆ ಮುಖಕ್ಕೆ ಕೈ ಅಡ್ಡ ಬರಲ್ಲ, ನೆನಪಿರ್ಲಿ. ನನ್ನ ಬೆನ್ನಿಗೆ ಬೆರಳಲ್ಲಿ ತಟ್ಟು. ಅದನ್ನ ನೋಡಿ, ಹೊರಗೆ ನಿಂತಿರೋ ನಮ್ಮ ಡಿಲ್ವಿನ್ ನಡುವೆ ಚೆಂಡು ಹಾಕ್ತಾನೆ, ನಾನು ಬಿಗಿ ಹಿಡೀತೀನಿ, ನೀನು ಕಾಲಲ್ಲಿ ಹಿಂದಕ್ಕೆ ಎಳಿ. ಅಷ್ಟೇ ವಿದ್ಯೆ.”

ಅಷ್ಟೇ ವಿದ್ಯೆಯಾಗಿದ್ದರೆ ಎರಡು ಪಂದ್ಯಗಳಲ್ಲಿ ಒಂಬತ್ತು ಸಲ ತಮ್ಮದೇ ಚೆಂಡು ಎದುರಾಳಿಯ ಪಾಲಾಗುತ್ತಿತ್ತೇ? ಎದುರಿನ ಹುಕರ್ ಪ್ರತಿಸಲವೂ ಕೂದಲೆಳೆಯಷ್ಟು ಮುಂಚೆ ಕಾಲು ಚಾಚುತ್ತಿದ್ದ. ಶನಿವಾರವೂ ಹೀಗೇ ಆದರೆ ಅಂಗಿ ಬಿಚ್ಚಿಡು ಎಂದು ಕಮಿಟಿಯವರು ಹೇಳಿಯೇಬಿಟ್ಟರು.

ಗುರುವಾರ ಪಕ್ಕದೂರಿನ ಪಬ್ಬಿನ ಕಿಟಕಿಯಲ್ಲಿ ಟ್ರೆಫರ್ ಕಂಡ. ಜೊತೆಗೆ ಗಾರ್ನೆಟ್, ಶನಿವಾರದ ಎದುರಾಳಿ ಹುಕರ್. ಇಬ್ಬರೂ ತಲೆಗೆ ತಲೆ ತಾಗಿಸಿ ನಗುತ್ತಿದ್ದರು. ಕಾಮಾಲೆ ಕಣ್ಣಿಗೆ ಇನ್ನೇನು ಬೇಕು? ಬೆರಳ ಸನ್ನೆಯನ್ನು ಮಾರಿಕೊಂಡ ಮುದಿ ನರಿ ಇವನೇ ಎಂದು ಎಲ್ವಿನ್ ತೀರ್ಮಾನಿಸಿದ.

ಶುಕ್ರವಾರ ಸಂಜೆ ಟ್ರೆಫರ್ ಬಂದು ಬಾಗಿಲು ತಟ್ಟಿದ.

“ಅಮ್ಮಾ, ನಾನಿಲ್ಲ ಅನ್ನು.”

“ಟೋಪಿ ಕೈಲಿ ಹಿಡ್ಕೊಂಡು ನಿಂತಿದಾನೆ ಕಣೋ!”

“ನಿಂತ್ಕೊಳ್ಳಲಿ.”

ಮರುದಿನ ಮೈದಾನದಲ್ಲಿ ಎಲ್ವಿನ್ ಡಿಲ್ವಿನ್‌ನ ಕಿವಿ ಕಚ್ಚಿದ. “ತಟ್ಟೋದಿಲ್ಲ. ಎಡ ಮೊಣಕಾಲು ಬಗ್ಗಿಸ್ತೀನಿ, ಆಗ ಹಾಕು. ಟ್ರೆಫರ್‌ಗೆ ಹೇಳ್ಬೇಡ.”

“ಪ್ರಾಪ್‌ಗೇ ಹೇಳ್ದೇನಾ? ತಲೆ ಕೆಟ್ಟಿದ್ಯೇನೋ?”

“ಹೇಳ್ಬೇಡ ಅಂದ್ನಲ್ಲ!”

ಮೊದಲ ಸ್ಕ್ರಮ್. ಎಲ್ವಿನ್ ಮೊಣಕಾಲು ಬಗ್ಗಿಸಿದ, ಚೆಂಡು ಬಂತು, ಎದುರಿನಿಂದ ಎಂಟು ಜನರ ಭಾರ ನುಗ್ಗಿತು. ತಟ್ಟುವುದನ್ನೇ ಕಾಯುತ್ತಿದ್ದ ಟ್ರೆಫರ್ ಇನ್ನೂ ಬಿಗಿ ಹಿಡಿದಿರಲಿಲ್ಲ. ಎಡಪಕ್ಕ ಕುಸಿಯಿತು. ಎರಡೂ ಕೈ ಸಿಕ್ಕಿಕೊಂಡ ಎಲ್ವಿನ್ ತಲೆಕೆಳಗಾಗಿ ಹೋಗುವಾಗ ಎದೆಯಡಿಗೆ ಒಂದು ಹೆಗಲು ತೂರಿ ಬಂದು ಅವನನ್ನು ಹೊತ್ತಿತು. ಲಟಕ್ಕೆಂದ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

“ಯಾಕೋ ತಟ್ಟಲಿಲ್ಲ?” ಕೆಸರಲ್ಲಿ ಕೂತು, ಮುರಿದ ಹೆಗಲು ಹಿಡಿದುಕೊಂಡು ಟ್ರೆಫರ್ ಕೇಳಿದ.

“ಮರ್ತೆ.”

“ಸರಿ, ಕೇಳು. ತಟ್ಟೋಕೆ ಮುಂಚೆ ಸುಯ್ ಅಂತ ಉಸಿರೆಳ್ಕೊಳ್ತೀಯಂತೆ. ಕಣಿವೆಯ ಹುಕರ್‌ಗಳಿಗೆಲ್ಲ ಗೊತ್ತಂತೆ. ನಿನ್ನ ಕಡೆಗಿರೋ ನನ್ನ ಕಿವಿ ಹೋಗಿ ಎಷ್ಟೋ ವರ್ಷ ಆಯ್ತು, ನಂಗೆಲ್ಲಿ ಕೇಳ್ಸುತ್ತೆ? ಗಾರ್ನೆಟ್ ಬಾಯಿ ಬಿಡ್ಸೋಕೆ ನಾಲ್ಕು ಪೈಂಟ್ ಬಿಯರ್ ಕುಡಿಸ್ಬೇಕಾಯ್ತು. ನಿನ್ನೆ ಹೇಳೋಣ ಅಂತ ಬಂದೆ, ನೀನಿರ್ಲಿಲ್ಲ.”

ದನಿಯಲ್ಲಿ ಕೊಂಕಿರಲಿಲ್ಲ. ಎಲ್ವಿನ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಬದಲಿ ಆಟಗಾರನನ್ನು ಇಳಿಸುವಂತಿರಲಿಲ್ಲ; ಉಳಿದ ಹದಿನಾಲ್ಕು ಜನರೇ ಆಡಿದರು, ಅವರಲ್ಲೇ ಒಬ್ಬ ಟ್ರೆಫರ್‌ನ ಜಾಗಕ್ಕೆ ಬಂದ. ಉಸಿರು ಬಿಗಿಹಿಡಿದು ಎಲ್ವಿನ್ ಹೊಸ ಪ್ರಾಪ್‌ನ ಬೆನ್ನು ತಟ್ಟಿದ. ಗಾರ್ನೆಟ್ ತಡವಾದ. ಚೆಂಡು ಹಿಂದಕ್ಕೆ ಬಂತು, ಮತ್ತೆ ಮತ್ತೆ ಬಂತು. ಅಂಗಿ ಉಳಿಯಿತು. ಮೊಣಕಾಲಿನ ಗುಟ್ಟನ್ನು ಅಂದೇ ಡಿಲ್ವಿನ್ ಕ್ಲಬ್ಬಿನಲ್ಲಿ ಎಲ್ಲರೆದುರು ಹೇಳಿಬಿಟ್ಟ.

ಭಾನುವಾರ ಎಲ್ವಿನ್ ಟ್ರೆಫರ್‌ನ ಮನೆಯ ಬಾಗಿಲು ತಟ್ಟಿದ.

“ಮನೇಲಿಲ್ಲಪ್ಪ,” ಎಂದಳು ಅವನ ಹೆಂಡತಿ.

ಅವಳ ಹಿಂದೆ ಗೋಡೆಯ ಮೊಳೆಯಲ್ಲಿ ಟ್ರೆಫರ್‌ನ ಟೋಪಿ ತೂಗುತ್ತಿತ್ತು. ಈ ಸಲ ಅನುಮಾನಪಡುವಂಥದ್ದು ಏನೂ ಇರಲಿಲ್ಲ.